ಬಿದ್ದವರ ಬಳಗ

ಒಮ್ಮೆಯೂ ಬೀಳದೆ ಸೈಕಲ್ಲು ಕಲಿತೆನೆಂದು ಹೇಳುವವರಿದ್ದರೆ, ಆ ಮಾತನ್ನು ನಂಬುವ ಮೊದಲು ಅವರ ಮೊಣಕಾಲನ್ನೊಮ್ಮೆ ಪರೀಕ್ಷಿಸುವುದು ಒಳ್ಳೆಯದು. ಅಲ್ಲಿ ಕಾಸಿನಗಲದ ಕಲೆಯೊಂದು ಇದ್ದೇ ಇರುತ್ತದೆ. ಮದುವೆಯ ಮನೆಯಲ್ಲಾಗಲಿ ರೈಲಿನ ಡಬ್ಬಿಯಲ್ಲಾಗಲಿ ಒಬ್ಬನು ತಾನು ಬಿದ್ದ ಕಥೆಯನ್ನು ತೆಗೆದನೆಂದರೆ ಸಾಕು, ಸುತ್ತಲಿನ ನಾಲ್ವರೂ ಪಂಚೆಯನ್ನೋ ಷರಾಯಿಯನ್ನೋ ಮೇಲಕ್ಕೆಳೆದು ತಮ್ಮ ತಮ್ಮ ಗುರುತುಗಳನ್ನು ತೋರಿಸತೊಡಗುತ್ತಾರೆ. ಜಾತಿ, ಭಾಷೆ, ಸಂಬಳಗಳ ಭೇದವಿಲ್ಲದ ಸಂಘವೊಂದು ಈ ನಾಡಿನಲ್ಲಿದ್ದರೆ ಅದು ಇದೇ. ಇದಕ್ಕೆ ಅಧ್ಯಕ್ಷರಿಲ್ಲ, ವಾರ್ಷಿಕ ಚಂದಾ ಇಲ್ಲ. ಪ್ರವೇಶಶುಲ್ಕ ಮಾತ್ರ ತುಸು ರಕ್ತ.

ಮೂಡುಬಿದಿರೆಯ ಮಗ್ಗುಲಿನ ಪುತ್ತಿಗೆಯಲ್ಲಿ ಈ ಸಂಘದ ಸದಸ್ಯರಿಗೆ ಕೊರತೆಯಿಲ್ಲ. ಊರಿನ ನೆಲವೇ ಹಾಗಿದೆ. (ಉಡುಪಿಯ ಅಷ್ಟಮಠಗಳಲ್ಲೊಂದಕ್ಕೆ ಹೆಸರು ಕೊಟ್ಟ ಪುತ್ತಿಗೆ ಹಿರಿಯಡ್ಕದ ಕಡೆಯದು, ಕುಂಬಳೆಯ ಬಳಿ ಮತ್ತೊಂದಿದೆ. ಇದು ಚೌಟ ಅರಸರ ಪುತ್ತಿಗೆ.) ಮೇಲೆ ಮುರಕಲ್ಲಿನ ಪದವು, ಕೆಳಗೆ ಅಡಕೆಯ ತೋಟ, ನಡುವೆ ತಿರುತಿರುಗಿ ಇಳಿಯುವ ಮಾರ್ಗ. ಮಳೆಯ ನೀರು ಹರಿದುಹೋದ ಮೇಲೆ ಮಾರ್ಗದ ಅಂಚಿನಲ್ಲಿ ಕೆಂಪು ಹರಳು ಉಳಿಯುತ್ತದೆ. ನಡೆಯುವವನ ಕಾಲಿಗೆ ಅದು ಬರಿಯ ಹರಳು. ಸೈಕಲ್ಲಿನ ಚಕ್ರಕ್ಕೆ ಚೆಲ್ಲಿದ ಸಾಸಿವೆ.

ನವರಾತ್ರಿಯ ರಜೆಯಲ್ಲಿ ಆರನೆಯ ತರಗತಿಯ ಹುಡುಗನೊಬ್ಬನು ಅಂಥದೊಂದು ಇಳಿಜಾರಿನಲ್ಲಿ ಬಿದ್ದನು. ಕೋಳಿಯೊಂದು ಅಡ್ಡ ಓಡಿತು. ಹುಡುಗನು ಮುಂದಿನ ಬ್ರೇಕನ್ನು ಮಾತ್ರ ಬಲವಾಗಿ ಹಿಡಿದನು. ಚಕ್ರ ನಿಂತಿತು, ಹುಡುಗ ನಿಲ್ಲಲಿಲ್ಲ. ನೆಲಕ್ಕೆ ಊರಿದ ಎಡಗೈ ಮುರಿಯಿತು. ಕೋಳಿಗೆ ಏನೂ ಆಗಲಿಲ್ಲ.

ಮಕ್ಕಳ ಎಲುಬು ಅನೇಕ ಸಲ ಒಣಗಿದ ಕಟ್ಟಿಗೆಯಂತೆ ಎರಡು ತುಂಡಾಗುವುದಿಲ್ಲ. ಹಸಿಯ ಕೊಂಬೆಯಂತೆ ಬಾಗಿ ಒಂದು ಮಗ್ಗುಲು ಮಾತ್ರ ಸೀಳುತ್ತದೆ. ಬೇಗ ಕೂಡಿಯೂ ಬರುತ್ತದೆ. ಹಾಲೆಂಡಿನ ಸೇನಾವೈದ್ಯ ಮಾತೈಸನ್ 1852ರಲ್ಲಿ ಪ್ರಕಟಿಸಿದ ಪ್ಲಾಸ್ಟರಿನ ಪಟ್ಟಿ ಇಂದಿಗೂ ಆಸ್ಪತ್ರೆಗಳಲ್ಲಿ ಬಳಕೆಯಲ್ಲಿದೆ. ಈ ಹುಡುಗನ ಕೈಗೂ ಅದೇ ಬಂತು. ಗೆಳೆಯರು ಅದರ ಮೇಲೆ ತಮ್ಮ ಹೆಸರುಗಳನ್ನು ಬರೆದರು. ಐದು ವಾರಗಳಾದ ಮೇಲೆ ವೈದ್ಯರು ಅದನ್ನು ಕತ್ತರಿಸಿ ತೆಗೆದು, ಹೊಸತಾಗಿ ಕೂಡಿದ ಎಲುಬು ಮತ್ತೆ ಮುರಿಯಬಾರದೆಂದು ಇನ್ನಷ್ಟು ವಾರ ಓಟ ಆಟ ಬೇಡವೆಂದರು. ಆ ವಾರಗಳೂ ಕಳೆದವು. ವೈದ್ಯಶಾಸ್ತ್ರದ ಕೆಲಸ ಅಲ್ಲಿಗೆ ಮುಗಿದಿತ್ತು.

ಹುಡುಗನು ಮಾತ್ರ ಸೈಕಲ್ಲಿನ ಹತ್ತಿರ ಸುಳಿಯಲಿಲ್ಲ. ಹಟ್ಟಿಯ ಗೋಡೆಗೊರಗಿದ್ದ ಅದರ ಚೈನಿಗೆ ತುಕ್ಕು ಹಿಡಿಯಿತು. ಅವನು ಬೆಳಿಗ್ಗೆ ಅರ್ಧ ಗಂಟೆ ಮೊದಲೇ ಹೊರಟು ತೋಟದ ನಡುವಿನ ಕಾಲುದಾರಿಯಲ್ಲಿ ಶಾಲೆಗೆ ಹೋಗತೊಡಗಿದನು. ಜೊತೆಯ ಹುಡುಗರ ಸೈಕಲ್ಲುಗಳು ಸಾಗುವ ಮಾರ್ಗಕ್ಕೆ ಕಾಲಿಡಲಿಲ್ಲ. ಸಂಜೆಯ ಆಟಕ್ಕೂ ಹೋಗುವುದು ನಿಂತಿತು, ಏಕೆಂದರೆ ಅಲ್ಲಿಗೆ ಎಲ್ಲರೂ ಬರುವುದು ಸೈಕಲ್ಲಿನಲ್ಲಿ. ಪ್ಲಾಸ್ಟರಿನ ಮೇಲೆ ಹೆಸರು ಬರೆದವರು ಎರಡು ದಿನ ಕರೆದರು, ಮೂರನೆಯ ದಿನ ಕರೆಯಲಿಲ್ಲ. ಮಕ್ಕಳ ಲೋಕ ಅಷ್ಟು ನಿಷ್ಠುರ.

ಮನೆಯವರನ್ನು ದೂರುವಂತಿಲ್ಲ. ತಾಯಿ, ತಾನಾಗಿಯೇ ಬಿಟ್ಟನಲ್ಲ ಎಂದು ಒಳಗೊಳಗೆ ನೆಮ್ಮದಿಗೊಂಡರು. ಹುಡುಗನು ಮೊದಲಿನಂತಾದರೆ ಕೊರಗಜ್ಜನಿಗೆ ಚಕ್ಕುಲಿ ಒಪ್ಪಿಸುವುದಾಗಿ ಅಜ್ಜಿ ಹರಕೆ ಹೇಳಿಕೊಂಡರು. ತಂದೆ ಸೈಕಲ್ಲನ್ನು ಸರಿಮಾಡಿಸಿ ಮಾರಿಬಿಡುವ ಯೋಚನೆಯಿಂದ ಅಂಗಡಿಗೆ ಕೊಂಡೊಯ್ದರು.

ಆ ಅಂಗಡಿ ಒಂದು ಕಾಲಕ್ಕೆ ಗಂಟೆಯ ಲೆಕ್ಕದಲ್ಲಿ ಸೈಕಲ್ಲುಗಳನ್ನು ಬಾಡಿಗೆಗೆ ಕೊಡುತ್ತಿದ್ದುದು. ದೊಡ್ಡವರ ಸೈಕಲ್ಲಿನ ತ್ರಿಕೋನದೊಳಗೆ ಕಾಲು ತೂರಿಸಿ ಊರಿನ ಅರ್ಧ ಜನ ಸವಾರಿ ಕಲಿತದ್ದು ಅಲ್ಲಿಂದಲೇ. 2006-07ರಲ್ಲಿ ಸರಕಾರವು ಎಂಟನೆಯ ತರಗತಿಯ ಮಕ್ಕಳಿಗೆ ಸೈಕಲ್ಲು ಹಂಚತೊಡಗಿದ ಮೇಲೆ ಬಾಡಿಗೆ ನಿಂತಿತು, ರಿಪೇರಿ ಹೆಚ್ಚಿತು. ಈಗ ಬರುವುದೆಲ್ಲ ಬೈಕು ಸ್ಕೂಟರುಗಳ ಪಂಕ್ಚರುಗಳೇ. ಆದರೂ ಸಂಜೆಯ ಹೊತ್ತು ಹಳೆಯ ಸವಾರರು ಅಲ್ಲಿನ ಬೆಂಚನ್ನು ಬಿಟ್ಟುಕೊಟ್ಟಿಲ್ಲ: ಸೈಕಲ್ಲಿನ ಹಿಂದೆ ಪೆಟ್ಟಿಗೆ ಕಟ್ಟಿ ಹಾರ್ನು ಹೊಡೆಯುತ್ತ ಮೀನು ಮಾರಿದ ಕಾಕ, ನಿವೃತ್ತರಾದ ಅಂಚೆಯವರು, ಹಾಲಿನ ಡಿಪೋಗೆ ಕ್ಯಾನು ಸಾಗಿಸಿದವರೊಬ್ಬರು.

ಅಂಗಡಿಯವರು ಸೈಕಲ್ಲನ್ನು ನೋಡಿ, “ಇದರ ಬೆಂಡು ತೆಗೆಯಬಹುದು. ಹುಡುಗ ಎಲ್ಲಿ? ಅವನನ್ನೂ ತನ್ನಿ” ಎಂದರು.

ಮರುದಿನ ಹುಡುಗನು ತಲೆ ತಗ್ಗಿಸಿಕೊಂಡು ಬಂದನು. ಸೈಕಲ್ಲು ಹತ್ತೆಂದು ಯಾರೂ ಅನ್ನಲಿಲ್ಲ; ಧೈರ್ಯ ಬೇಕೆಂದು ಯಾರೂ ಉಪದೇಶಿಸಲಿಲ್ಲ. ಕಾಕ ತಮ್ಮ ಮೊಣಕೈಯ ಗುರುತನ್ನು ತೋರಿಸಿ, ಅದೇ ಇಳಿಜಾರಿನಲ್ಲಿ ಒಂದು ಪೆಟ್ಟಿಗೆ ಬಂಗುಡೆ ಚೆಲ್ಲಿದ್ದನ್ನು ಹೇಳಿದರು. “ಊರಿನ ಬೆಕ್ಕುಗಳೆಲ್ಲ ಬಂದಿದ್ದವು ಮಗಾ. ಒಂದು ಬೆಕ್ಕೂ ನನ್ನನ್ನು ಎಬ್ಬಿಸಲಿಲ್ಲ!” ಎಷ್ಟೋ ದಿನಗಳ ಮೇಲೆ ಹುಡುಗನು ನಕ್ಕನು. ಅಂಗಡಿಯವರು ಅವನ ಕೈಗೆ ಪಾನಾ ಕೊಟ್ಟು, “ಪೆಡಲು ಎರಡನ್ನೂ ನೀನೇ ಬಿಚ್ಚು. ಎಡಗಡೆಯದರ ತಿರುಪು ಉಲ್ಟಾ, ನೆನಪಿರಲಿ” ಎಂದರು.

ಪೆಡಲನ್ನೇ ಏಕೆ ಬಿಚ್ಚಬೇಕು? ಸವಾರಿಯ ಗುಟ್ಟು ಪೆಡಲಿನಲ್ಲಿಲ್ಲ, ಸಮತೋಲದಲ್ಲಿದೆ. ವಾಲಿದ ಕಡೆಗೇ ಹ್ಯಾಂಡಲನ್ನು ತುಸು ತಿರುಗಿಸಿದರೆ ಸೈಕಲ್ಲು ತಾನಾಗಿ ನೆಟ್ಟಗಾಗುತ್ತದೆ. ಅದಕ್ಕೆ ಕೈ ಸಡಿಲವಿರಬೇಕು, ಅಲ್ಪಸ್ವಲ್ಪ ವೇಗವೂ ಇರಬೇಕು. ಹೆದರಿದವನು ಮಾಡುವುದು ಇದಕ್ಕೆ ತೀರ ವಿರುದ್ಧ. ಹ್ಯಾಂಡಲನ್ನು ಬಿಗಿಯಾಗಿ ಹಿಡಿಯುತ್ತಾನೆ, ಆಮೆಯಂತೆ ಸಾಗುತ್ತಾನೆ, ಮುಂದಿನ ಕಲ್ಲನ್ನೇ ದಿಟ್ಟಿಸುತ್ತಾನೆ. ಕಣ್ಣು ಹೋದಲ್ಲಿಗೆ ಚಕ್ರವೂ ಹೋಗುತ್ತದೆ. ಹೀಗೆ ಬೀಳುವ ಭಯವೇ ಬೀಳಿಸುತ್ತದೆ. “ಮೆಲ್ಲಗೆ ಹೋಗು, ಗಟ್ಟಿಯಾಗಿ ಹಿಡಿದುಕೋ” ಎಂದು ಮನೆಯವರು ಪ್ರೀತಿಯಿಂದ ಹೇಳುವ ಮಾತು ಇಂಥ ಮಗುವಿಗೆ ಅಪಾಯವೇ ಸರಿ. ಸೀಟನ್ನು ತಗ್ಗಿಸಿ ಪೆಡಲು ತೆಗೆದರೆ ಎರಡು ಪಾದಗಳೂ ನೆಲಕ್ಕೆ ಎಟಕುತ್ತವೆ. ನೆಲವನ್ನು ಒದೆಯುತ್ತ ಸಾಗಬಹುದು, ಬೇಕೆಂದಾಗ ನಿಲ್ಲಬಹುದು. ಜರ್ಮನಿಯ ಕಾರ್ಲ್ ಡ್ರೈಸ್ 1817ರಲ್ಲಿ ಓಡಿಸಿದ ಎರಡು ಚಕ್ರದ ಗಾಡಿಗೂ ಪೆಡಲು ಇರಲಿಲ್ಲ. ಸವಾರನು ಹೀಗೆಯೇ ನೆಲ ಒದೆಯುತ್ತಿದ್ದನು. ಇಂದು ಚಿಕ್ಕ ಮಕ್ಕಳಿಗೆ ಪೆಡಲಿಲ್ಲದ ಸೈಕಲ್ಲುಗಳೇ ಮಾರಾಟಕ್ಕೆ ಬರುತ್ತವೆ.

ಪದವಿನ ಸಪಾಟು ನೆಲದಲ್ಲಿ ಸಂಜೆಗಳು ಹೀಗೆ ಸಾಗಿದವು. ಮೊದಲಿಗೆ ಕಾಕ ಕ್ಯಾರಿಯರನ್ನು ಹಿಡಿದು ನಡೆದರು. ಅಂಚೆಯವರು ಸೀಟಿನ ಹಿಂದೆ ಕೈಯಿಟ್ಟರು. ಹತ್ತನೆಯ ತರಗತಿಯ ಹುಡುಗಿಯೊಬ್ಬಳು ತನ್ನ ಸೈಕಲ್ಲಿನಲ್ಲಿ ಮುಂದೆ ಮುಂದೆ ಹೋಗುತ್ತ, “ನೆಲ ನೋಡಬೇಡ, ನನ್ನ ಚೀಲವನ್ನು ನೋಡು” ಎಂದು ಕೂಗುತ್ತಿದ್ದಳು. ಹಾಲಿನವರು ಏನೂ ಮಾಡಲಿಲ್ಲ, ಸುಮ್ಮನೆ ಜೊತೆಗಿದ್ದರು. ಅದೂ ಒಂದು ಕೆಲಸವೇ. ಪುತ್ತಿಗೆಯಿಂದ ಆಳಿದ ಚೌಟರು ಅನಂತರ ಮೂಡುಬಿದಿರೆಯಲ್ಲಿ ನೆಲೆಸಿದರಷ್ಟೆ. ಅಲ್ಲಿನ ಅವರ ಅರಮನೆಯ ಮರದ ಕಂಬಗಳಲ್ಲಿ ಪಂಚನಾರೀತುರಗವೆಂಬ ಕೆತ್ತನೆಯಿದೆ. ಐವರು ಹೆಂಗಸರ ಮೈಗಳು ಒಂದಕ್ಕೊಂದು ಹೆಣೆದುಕೊಂಡು ಒಂದು ಕುದುರೆಯಾಗಿವೆ. ದೂರದಿಂದ ನೋಡಿದವನಿಗೆ ಕುದುರೆ. ಹತ್ತಿರ ಹೋದವನಿಗೆ ಹೊತ್ತು ನಿಂತ ಕೈಕಾಲುಗಳು. ಆ ಸಂಜೆ ಪದವಿನಲ್ಲಿ ಸಾಗುತ್ತಿದ್ದ ವಾಹನವೂ ಸುಮಾರು ಅದೇ ಜಾತಿಯದು.

ಭಾನುವಾರ ಮುಂಜಾನೆ ಗೇರಿನ ಸೈಕಲ್ಲುಗಳಲ್ಲಿ ಆ ಮಾರ್ಗವಾಗಿ ಹೋಗುವ ಪೇಟೆಯ ತರುಣರೂ ಒಮ್ಮೆ ನಿಂತು ವಿಷಯ ಕೇಳಿದರು. ಅವರಲ್ಲೊಬ್ಬನು ಮುಂದಿನ ವಾರ ಚಿಕ್ಕ ಅಳತೆಯ ಹೆಲ್ಮೆಟ್ಟನ್ನು ತಂದು ಅಂಗಡಿಯಲ್ಲಿಟ್ಟು ಹೋದನು. ಬೆಂಚಿನ ಹಿರಿಯರಿಗೆ ಅದು ಕುತೂಹಲದ ವಸ್ತುವಾಯಿತು. ಕಾಕ ಅದನ್ನು ಧರಿಸಿ ನೋಡಿದರು, ಹಿಡಿಯಲಿಲ್ಲ.

ಎರಡನೆಯ ವಾರದ ಕೊನೆಗೆ ಹುಡುಗನು ಕಾಲೆತ್ತಿ ತೆಂಗಿನ ಮರದಿಂದ ಕಲ್ಲಿನ ಕಟ್ಟೆಯವರೆಗೆ ತೇಲಿಹೋದನು. ಕ್ಯಾರಿಯರನ್ನು ಹಿಡಿದವರು ಬಿಟ್ಟು ಬಹಳ ಹೊತ್ತಾಗಿದ್ದಿತು. ಅಂದು ಪೆಡಲುಗಳನ್ನು ಅವನೇ ಕೂಡಿಸಿದನು. ಎಡಗಡೆಯದನ್ನು ತಪ್ಪದೆ ಉಲ್ಟಾ ತಿರುಗಿಸಿದನು.

ಇಷ್ಟಾದರೂ ಆ ಇಳಿಜಾರು ಉಳಿದಿತ್ತು. ಶಾಲೆಗೆ ಸೈಕಲ್ಲಿನಲ್ಲಿ ಹೋಗುವ ಹುಡುಗನು ಅಲ್ಲಿಗೆ ಬಂದೊಡನೆ ಇಳಿದು ತಳ್ಳಿಕೊಂಡು ನಡೆಯುತ್ತಿದ್ದನು. ಜೊತೆಯವರು ಕೆಳಗೆ ತೋಡಿನ ಹತ್ತಿರ ಕಾಯುತ್ತಿದ್ದರು. ಕಾಯಿರೆಂದು ಅವರಿಗೆ ಅಂಗಡಿಯವರು ಹೇಳಿದ್ದರೋ ಏನೋ. ಒಂದೂವರೆ ತಿಂಗಳು ಹೀಗೆ ನಡೆಯಿತು. ಬಳಿಕ ಒಂದು ಸಂಜೆ ಅವನು ಏದುಸಿರು ಬಿಡುತ್ತ ಅಂಗಡಿಯ ಮುಂದೆ ಬಂದು ನಿಂತು, ಇಳಿಯದೆ ಬಂದೆನೆಂದನು. ಬೆಂಚಿನಲ್ಲಿದ್ದವರು ಎದ್ದು ಕುಣಿಯಲಿಲ್ಲ. ಟ್ಯೂಬಿನ ತೂತು ಹುಡುಕುತ್ತಿದ್ದ ಅಂಗಡಿಯವರು ನೀರಿನಿಂದ ತಲೆಯೆತ್ತದೆ, “ಬ್ರೇಕು ಯಾವುದು ಹಿಡಿದೆ?” ಎಂದು ಕೇಳಿದರು.

“ಎರಡೂ, ಮಾಮ.”

ಮುಂದಿನ ಭಾನುವಾರ ಅಜ್ಜಿಯ ಹರಕೆಯ ಚಕ್ಕುಲಿ ಕೊರಗಜ್ಜನ ಕಟ್ಟೆಗೆ ಹೋದದ್ದು ಆ ಸೈಕಲ್ಲಿನ ಕ್ಯಾರಿಯರಿನಲ್ಲಿಯೇ.