ಗಜನಿಯ ಕೆಸರು

ಮತ್ಸ್ಯಗಂಧ ಎಕ್ಸ್‌ಪ್ರೆಸ್ ಮಧ್ಯಾಹ್ನ ಕುರ್ಲಾ ಬಿಟ್ಟರೆ ಕುಮಟಾ ತಲುಪುವಾಗ ಇನ್ನೂ ಬೆಳಕು ಹರಿದಿರುವುದಿಲ್ಲ. ಗೋಕರ್ಣ ರೋಡ್ ದಾಟಿದ ಮೇಲೆ ಒಂದು ಕಡೆ ಗಾಲಿಗಳ ಸದ್ದು ಬದಲಾಗುತ್ತದೆ, ಅದೇ ಅಘನಾಶಿನಿ ಸೇತುವೆ. ಏನೂ ಕಾಣದಿದ್ದರೂ ಬಾಗಿಲ ಬಳಿ ನಿಂತವರ ಮೂಗಿಗೆ ಊರು ಸಿಕ್ಕಿಬಿಡುತ್ತದೆ: ಉಪ್ಪು, ಕೊಳೆತ ಎಲೆ, ತುಸು ಕೊಳೆತ ಮೊಟ್ಟೆ. ಐರೋಲಿಯ ನಮ್ಮ ಮನೆಗೂ ಇಳಿತದ ಹೊತ್ತಿಗೆ ಠಾಣೆ ಖಾರಿಯಿಂದ ಇದೇ ವಾಸನೆ ಬರುತ್ತದೆ. ಅಲ್ಲಿ ಮಾತ್ರ ನಾವು ಕಿಟಕಿ ಹಾಕಿಕೊಳ್ಳುತ್ತೇವೆ.

ಈ ಸಲ ಹೋದದ್ದು ಗಜನಿ ವಿಷಯಕ್ಕೆ. "ಒಂದು ತೀರ್ಮಾನ ಆಗ್ಬೇಕು ತಮಾ, ಬಂದು ಹೋಗು" ಎಂದು ದೊಡ್ಡಪ್ಪನ ಮಗ ಫೋನ್ ಮಾಡಿದ್ದ. ಗಜನಿ ಎಂದರೆ ಹೊಳೆಯಂಚಿನ ತಗ್ಗು ಗದ್ದೆ. ಮಳೆಗಾಲದಲ್ಲಿ ಉಪ್ಪು ತಡೆಯುವ ಕಗ್ಗ ಭತ್ತ, ಕೊಯ್ಲಾದ ಮೇಲೆ ಉಪ್ಪುನೀರು ಬಿಟ್ಟು ಮೀನು, ಸಿಗಡಿ. ನಮ್ಮ ಪಾಲಿನ ಒಡ್ಡು ಒಡೆದು ಹತ್ತಾರು ವರ್ಷ ಆಯಿತು. ಕಟ್ಟುವವರಿಲ್ಲ. ಅಲ್ಲೀಗ ತನ್ನಷ್ಟಕ್ಕೆ ಕಾಂಡ್ಲಾ ಬೆಳೆದಿದೆ. ಅದನ್ನು ಕಡಿದು, ಅಗೆದು, ಸಿಗಡಿ ಹೊಂಡ ಮಾಡುತ್ತೇನೆ, ಗುತ್ತಿಗೆಗೆ ಕೊಡಿ ಎಂದು ಒಬ್ಬರು ಬಂದಿದ್ದಾರೆ.

ಇಳಿತ ನೋಡಿಕೊಂಡು ಅಣ್ಣನ ಜೊತೆ ಇಳಿದೆ. ಮೊಣಕಾಲವರೆಗೆ ಕೆಸರು. ಮೇಲಿನ ಒಂದು ಪದರ ಕಂದು, ಅದರ ಕೆಳಗೆ ಕಾಡಿಗೆಯಷ್ಟು ಕಪ್ಪು. ಈ ಕಪ್ಪು ಎಲ್ಲಿಂದ ಬಂತು ಎಂದು ಹುಡುಕುತ್ತಾ ಹೋದರೆ ಶಿರಸಿಯ ಕಾಡು ಮುಟ್ಟುತ್ತೀರಿ. ಘಟ್ಟದ ಮೇಲೆ ಮರಗಳು ಗಾಳಿಯಿಂದ ಹೀರಿದ ಇಂಗಾಲ ಎಲೆಯಾಗಿ ಉದುರಿ, ಮಣ್ಣಾಗಿ, ಆಷಾಢದ ಕೆಂಪು ನೀರಿನಲ್ಲಿ ಇಳಿದು ಬರುತ್ತದೆ. ಹೊಳೆಗೆ ದೊಡ್ಡ ಅಣೆಕಟ್ಟಿಲ್ಲದ್ದರಿಂದ ದಾರಿಯಲ್ಲಿ ತಡೆಯುವವರಿಲ್ಲ. ಅಳಿವೆಯಲ್ಲಿ ಸಿಹಿನೀರಿಗೆ ಉಪ್ಪು ತಾಗಿದಾಗ, ಹುಳಿ ಬಿದ್ದ ಹಾಲಿನಂತೆ, ನುಣ್ಣನೆ ಜೇಡಿ ಒಡೆದು ಗಂಟುಗಂಟಾಗಿ ತಳ ಸೇರುತ್ತದೆ. ಅದಕ್ಕಂಟಿದ ಇಂಗಾಲವೂ ಜೊತೆಗೇ.

ಎಲ್ಲವೂ ಅಲ್ಲೇ ಉಳಿಯುವುದಿಲ್ಲ. ಒಂದಿಷ್ಟನ್ನು ಸೂಕ್ಷ್ಮಾಣುಗಳು ತಿಂದು ಇಂಗಾಲದ ಡೈಆಕ್ಸೈಡ್ ಆಗಿ ಗಾಳಿಗೆ ಬಿಡುತ್ತವೆ, ಒಂದಿಷ್ಟು ಕಡಲಿಗೆ ಹೋಗುತ್ತದೆ. ಲೋಕದ ನದಿಗಳೆಲ್ಲ ಸೇರಿ ವರ್ಷಕ್ಕೆ ನೂರು ಕೋಟಿ ಟನ್‌ಗೆ ಹತ್ತಿರದಷ್ಟು ಇಂಗಾಲ ಕಡಲಿಗೆ ಸುರಿಯುತ್ತವೆ ಎಂಬ ಅಂದಾಜಿದೆ. ಕಾಂಡ್ಲಾ ಬುಡದಲ್ಲಿ ಸಿಕ್ಕಿಬಿದ್ದದ್ದರ ಕಥೆ ಬೇರೆ. ಸದಾ ನೀರು ನಿಂತ ಆ ಕೆಸರಿಗೆ ಗಾಳಿ ಇಳಿಯದು, ಕೊಳೆಯುವುದು ಬಹಳ ನಿಧಾನ. ಆಮ್ಲಜನಕವಿಲ್ಲದೆ, ಕಡಲನೀರಿನ ಸಲ್ಫೇಟ್ ಬಳಸಿ ಬದುಕುವ ಸೂಕ್ಷ್ಮಾಣುಗಳು ಬಿಡುವ ಅನಿಲವೇ ಆ ಮೊಟ್ಟೆ ವಾಸನೆ. ಹೀಗೆ ನೂರಾರು ವರ್ಷದ ಎಲೆ, ಬೇರು ಪದರ ಪದರವಾಗಿ ಕೂತಿರಬಲ್ಲದು. ಅಗೆದು ಗಾಳಿಗೊಡ್ಡಿದರೆ ಮಾತ್ರ ಕೆಲವೇ ವರ್ಷಗಳಲ್ಲಿ ಬಹುಪಾಲು ಮೇಲೇರಿ ಹೋಗಬಹುದು.

ದೂರದಲ್ಲಿ ಹೆಂಗಸರು ಎದೆಮಟ್ಟದ ನೀರಿನಲ್ಲಿ ಬಳಚು ಹೆಕ್ಕುತ್ತಿದ್ದರು. ಚಿಪ್ಪಿನಲ್ಲೂ ಇಂಗಾಲ ಇದೆಯಲ್ಲ, ಅದೂ ಉಳಿತಾಯವೇ ಎಂದು ನಾನು ಬಹಳ ದಿನ ನಂಬಿದ್ದೆ. ಲೆಕ್ಕ ಉಲ್ಟಾ. ಚಿಪ್ಪು ಕಟ್ಟುವಾಗ ನೀರಿನ ಬೈಕಾರ್ಬನೇಟಿನಲ್ಲಿ ಒಂದು ಪಾಲು ಚಿಪ್ಪಾದರೆ ಇನ್ನೊಂದು ಪಾಲು ಡೈಆಕ್ಸೈಡ್ ಆಗುತ್ತದೆ. ಮತ್ತೆ ಅದನ್ನು ಸುಟ್ಟು ಸುಣ್ಣ ಮಾಡಿದರೆ ಚಿಪ್ಪಿನಲ್ಲಿದ್ದದ್ದೂ ಗಾಳಿಗೆ. ನನ್ನ ಆಯಿ ಎಲೆಗೆ ಹಚ್ಚಿದ ಸುಣ್ಣವೆಲ್ಲ ಇದೇ ಹೊಳೆಯದು. ಬಳಚು ಸುಕ್ಕ ತಿನ್ನುವುದನ್ನು ಇದರಿಂದೇನೂ ಬಿಟ್ಟಿಲ್ಲ, ಬಿಡುವುದೂ ಇಲ್ಲ.

ಠಾಣೆ ಖಾರಿಗೆ 2022ರಲ್ಲಿ, ಅಘನಾಶಿನಿ ಅಳಿವೆಗೆ 2024ರಲ್ಲಿ ರಾಮ್ಸರ್ ಪಟ್ಟ ಬಂತು. ಅಣ್ಣನಿಗೆ ಅದನ್ನು ಹೇಳಿದೆ. ಕೆಸರು ಹೇಗೆ ಇಂಗಾಲ ಹಿಡಿದಿಡುತ್ತದೆ ಎಂದೂ ಹೇಳಿದೆ. ಪೂರ್ತಿ ಕೇಳಿಸಿಕೊಂಡ.

"ಸರಿ ತಮಾ. ನೀ ಹೇಳಿದ್ದು ಕಾಯ್ಲಿಕ್ಕೆ ನಂಗೆ ಯಾರು ದುಡ್ಡು ಕೊಡ್ತಾರೆ?"

ನನ್ನಲ್ಲಿ ಉತ್ತರವಿರಲಿಲ್ಲ. ಅವನ ಮಗಳ ಕಾಲೇಜು ಫೀ ಬಾಕಿ ಇದೆ. ಒಡ್ಡು ಕಟ್ಟಿ ಮತ್ತೆ ಕಗ್ಗ ಬಿತ್ತೋಣ ಎಂದರೆ ಆಳಿಲ್ಲ, ಅದಕ್ಕೂ ಈ ಕಾಂಡ್ಲಾ ಕಡಿಯಲೇಬೇಕು. ಮುಂಬಯಿಯಲ್ಲಿ ಸಂಬಳ ಎಣಿಸುವವನು ಅವನಿಗೆ ಬುದ್ಧಿ ಹೇಳುವುದು ನನಗೇ ಸರಿಕಾಣಲಿಲ್ಲ. ಈ ವರ್ಷದ ಫೀ ನಾನು ಕಟ್ಟುತ್ತೇನೆ, ಸಹಿ ಮಾತ್ರ ಸದ್ಯಕ್ಕೆ ಬೇಡ ಎಂದೆ. ಅಣ್ಣ ಹೂಂ ಅನ್ನಲಿಲ್ಲ, ಇಲ್ಲ ಎಂದೂ ಅನ್ನಲಿಲ್ಲ. ಗುತ್ತಿಗೆಯವರು ದೀಪಾವಳಿ ಕಳೆದು ಮತ್ತೆ ಬರುತ್ತಾರಂತೆ. ನಾನೂ ಅಷ್ಟರೊಳಗೆ ಟಿಕೆಟ್ ಮಾಡಿಸಬೇಕು.