ತ್ರಿಶಂಕುವಿನ ತೋಟ

ತ್ರಿಶಂಕುವಿನ ಕಥೆಯನ್ನು ಮೂವತ್ತು ವರ್ಷ ಹುಡುಗರಿಗೆ ಹೇಳಿದವನು ನಾನು. ಅತ್ತ ಸ್ವರ್ಗವೂ ಇಲ್ಲದೆ ಇತ್ತ ಭೂಮಿಯೂ ಇಲ್ಲದೆ ನಡುವೆ ನೇತಾಡುತ್ತಿದ್ದ ಆ ರಾಜನು ಬಾಯಾರಿದಾಗ ಏನು ಮಾಡುತ್ತಿದ್ದನೆಂದು ಒಬ್ಬ ಬಾಲಕನು ಒಮ್ಮೆ ಕೇಳಿದನು. ಅಧಿಕಪ್ರಸಂಗವೆಂದು ಗದರಿಸಿ ಕೂಡಿಸಿದೆನು. ಆ ಪ್ರಶ್ನೆಯು ನಾನು ನಿವೃತ್ತನಾದ ಮೇಲೆ, ಚಿತ್ರದುರ್ಗದ ನಮ್ಮ ಮನೆಯ ದಕ್ಷಿಣದ ಕಿಟಕಿಯಲ್ಲಿ ನನಗೇ ಎದುರಾಗಿ ನಿಂತಿತು.

2022ರ ದೀಪಾವಳಿ ಕಳೆದ ವಾರದಲ್ಲಿ ನನ್ನ ಮನೆಯಾಕೆ ಬಚ್ಚಲಲ್ಲಿ ಜಾರಿ ತೊಡೆಯ ಮೂಳೆ ಮುರಿದುಕೊಂಡಳು. ಶಸ್ತ್ರಚಿಕಿತ್ಸೆಯಾಯಿತು, ಅಲ್ಲಿಂದ ಮುಂದೆ ಬಹುಕಾಲ ಮಂಚವೇ ಆಕೆಯ ಪ್ರಪಂಚವಾಯಿತು. ಮಂಚದ ಮಗ್ಗುಲ ಕಿಟಕಿಯು ಎತ್ತರದಲ್ಲಿದ್ದುದರಿಂದ ಮಲಗಿದವಳಿಗೆ ಅಂಗಳದ ತುಳಸಿಯಾಗಲಿ ಹೂವಿನ ಕುಂಡಗಳಾಗಲಿ ಕಾಣುವಂತಿರಲಿಲ್ಲ. ಕಾಣುತ್ತಿದ್ದುದು ಒಂದು ತುಂಡು ಆಕಾಶ, ಮತ್ತು ದೂರದ ಗುಡ್ಡದ ಮೇಲೆ ತಿರುಗುವ ಗಾಳಿಯಂತ್ರದ ರೆಕ್ಕೆಗಳು. “ಗಿಡಕ್ಕೆ ನೀರು ಹಾಕಿದ್ರಾ?” ಎಂದು ದಿನವೂ ಕೇಳುವಳು. “ಹಾಕಿದೆ” ಎನ್ನುವೆನು. ಸತ್ಯಂ ವದ ಎಂದು ಹುಡುಗರಿಗೆ ಬಾಯಿಪಾಠ ಮಾಡಿಸಿದ ನಾನು ಎಷ್ಟೋ ದಿನ ಹಾಕಿರುತ್ತಿರಲಿಲ್ಲ. ಆಕೆ ನಲವತ್ತು ವರ್ಷ ಸಾಕಿದ ಗಿಡಗಳಲ್ಲಿ ಅರ್ಧದಷ್ಟು ಸಂಕ್ರಾಂತಿಯ ಹೊತ್ತಿಗೆ ಕಡ್ಡಿಯಾದುವು. ಆಕೆಗೆ ಅದು ತಿಳಿಯದು.

ಮನಸ್ಸಿನ ಅಳುಕನ್ನು ಮುಚ್ಚಿಕೊಳ್ಳುವುದಕ್ಕೋ ಏನೋ, ಆಕೆಯ ಕಣ್ಣಿಗೆ ಬೀಳುವಂತೆ ತೂಗುಬುಟ್ಟಿಗಳನ್ನು ಕಟ್ಟಿಸಬೇಕೆಂದು ನನಗೆ ತೋರಿತು. ಸಜ್ಜದ ಅಂಚಿನಿಂದಾಚೆಗೆ ಕಬ್ಬಿಣದ ಕೊಂಡಿಗಳನ್ನು ಚಾಚಿಸಿ ಮೂರು ತಂತಿಬುಟ್ಟಿಗಳನ್ನು ತೂಗಹಾಕಿದೆನು. ಎರಡರಲ್ಲಿ ನೇರಳೆ ಬಣ್ಣದ ಪೆಟೂನಿಯ, ಒಂದರಲ್ಲಿ ಜರಿಗಿಡ. ತೋಟಗಾರಿಕೆಯಲ್ಲಿ ನನಗಿದ್ದ ಪಾಂಡಿತ್ಯವು ಕಾವ್ಯಗಳಿಂದ ಬಂದುದು. ಅಂದವಾದುದನ್ನು ಆರಿಸಿದೆನು, ಅಷ್ಟೆ. ಮಣ್ಣು ಸಾರವಾಗಿರಲೆಂದು ಕೆರೆಯ ಗೋಡನ್ನು ತರಿಸಿ ತುಂಬಿದೆನು. ಮಾಘಮಾಸವೆಲ್ಲ ಹೂವು ಸೂಸಿದುವು, ಆಕೆ ನಕ್ಕಳು. ಚೈತ್ರ ಬಂದಿತು.

ಜರಿಗಿಡವು ನೆರಳಿನ ಜೀವಿಯಾದುದರಿಂದ ಮೊದಲು ಕರಕಲಾಯಿತು. ಪೆಟೂನಿಯ ನಮ್ಮ ಸೀಮೆಯಲ್ಲಿ ಚಳಿಗಾಲದ ಅತಿಥಿ, ಅದೂ ಬಾಡಿತು. ಬೆಳಗ್ಗೆ ಒಂದು ತಂಬಿಗೆ, ಸಂಜೆ ಒಂದು ತಂಬಿಗೆ ಎರೆದರೂ ನಿಲ್ಲಲಿಲ್ಲ. ಕಾರಣವನ್ನು ಆಮೇಲೆ ಕಂಡೆನು: ಗೋಡು ಒಣಗಿ, ಕುಗ್ಗಿ, ಬುಟ್ಟಿಯ ಅಂಚನ್ನು ಬಿಟ್ಟು ನಿಂತಿತ್ತು; ಎರೆದ ನೀರೆಲ್ಲ ಆ ಸಂದಿನಲ್ಲಿ ಹರಿದು ನೆಲಕ್ಕೆ ಬೀಳುತ್ತಿತ್ತು, ಬೇರಿಗೆ ಮುಟ್ಟುತ್ತಿರಲಿಲ್ಲ. ಶಾಕುಂತಲದ ಆಶ್ರಮಕನ್ಯೆಯರು ಆಲವಾಲಗಳನ್ನು, ಎಂದರೆ ಗಿಡದ ಪಾತಿಗಳನ್ನು, ತುಂಬುತ್ತಾರಷ್ಟೆ. ತೂಗುವ ಗಿಡಕ್ಕೆ ಪಾತಿಯೆಲ್ಲಿಯದು? ನೆಲದ ಗಿಡವು ಬಾಯಾರಿದರೆ ಬೇರನ್ನು ಕೆಳಕ್ಕೆ ಇಳಿಸೀತು. ಇದಕ್ಕೆ ಇರುವುದು ಒಂದು ಬೊಗಸೆ ಮಣ್ಣು. ಬಿಸಿಲು ಮೇಲಿನಿಂದ ಮಾತ್ರ ಸುಡುವುದು. ನಮ್ಮೂರಿನ ಗಾಳಿಯಾದರೋ ಸುತ್ತಲಿಂದಲೂ ಕೆಳಗಿನಿಂದಲೂ ಹೀರುವುದು. ಬಿಸಿಲಿಗಿಂತ ಗಾಳಿಯನ್ನೇ ನಾನು ದೂರುವೆನು.

ಆದರೆ ನನ್ನನ್ನು ಬಾಧಿಸಿದುದು ಗಿಡದ ಸಾವಲ್ಲ. ಅಂಗಳದ ಗಿಡಗಳು ಸತ್ತುದು ಆಕೆಗೆ ಕಾಣದು. ಇವು ದಿನದಿನವೂ ಆಕೆಯ ಕಣ್ಣೆದುರಿಗೆ ಸತ್ತುವು. ಏಳಲಾರದವಳ ಮುಂದೆ ನಾನೇ ಕೈಯಾರೆ ಇದನ್ನು ತೂಗಹಾಕಿದ್ದೆನು.

ಒಂದು ಮಧ್ಯಾಹ್ನ ಆಕೆಯೇ ಹೇಳಿದಳು: “ಅಲ್ರೀ, ಆ ಸಜ್ಜದ ಬಿರುಕಲ್ಲಿ ನೋಡಿ. ಗೋಣಿಸೊಪ್ಪು ಎಷ್ಟು ಚೆನ್ನಾಗಿದೆ. ಅದಕ್ಕೆ ಯಾರು ನೀರು ಹಾಕ್ತಾರೆ?”

ನೋಡಿದೆನು. ಕಾದ ಸಿಮೆಂಟಿನ ಬಿರುಕಿನಲ್ಲಿ ಕೆಂಪು ಕಾಂಡದ ಗೋಣಿಸೊಪ್ಪು ಮೈತುಂಬಿ ಹರಡಿತ್ತು. ವೈದ್ಯಗ್ರಂಥಗಳಲ್ಲಿ ಇದಕ್ಕೆ ಲೋಣಿಕಾ ಎಂದು ಹೆಸರು. ಮನೆಯ ಮುಂದೆ ಕಳೆಯನ್ನು ತೂಗಹಾಕುವುದಕ್ಕೆ ನನಗೆ ಸಂಕೋಚವಾಯಿತೆಂದು ಮರೆಮಾಚಲಾರೆನು. ಅದರ ದಾಯಾದಿಯೊಂದುಂಟೆಂದು ಮೊಮ್ಮಗನು ತಿಳಿಸಿ ನನ್ನ ಮಾನವನ್ನುಳಿಸಿದನು. ಮಾರುವವರು ಟೇಬಲ್ ರೋಸ್ ಎನ್ನುವರು. ಹತ್ತು ಗಂಟೆಯ ಹೂವೆಂದೂ ಕರೆಯುವುದುಂಟು. ತವರು ದಕ್ಷಿಣ ಅಮೆರಿಕ. ಎಲೆಗಳು ಸೂಜಿಯಂತೆ ಸಣ್ಣ, ಆದರೆ ರಸಭರಿತ. ನೀರನ್ನು ಅಲ್ಲಿಯೇ ಕೂಡಿಡುವುದು. ಗೋಣಿಸೊಪ್ಪಿನ ವಿಚಾರವಾಗಿ ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ಶೋಧಕರು 2022ರಲ್ಲಿ ಪ್ರಕಟಿಸಿದ ಲೇಖನದ ಸಾರವನ್ನೂ ಅವನೇ ಓದಿ ಹೇಳಿದನು: ಬಿಸಿಲಿನಲ್ಲಿ ಚುರುಕಾಗಿ ಆಹಾರ ಸಿದ್ಧಪಡಿಸುವ ಕ್ರಮವೊಂದು, ನೀರು ಕಡಮೆಯಾದಾಗ ರಾತ್ರಿ ವಾಯುವನ್ನು ಹೀರಿಟ್ಟುಕೊಳ್ಳುವ ಕ್ರಮವೊಂದು, ಎರಡೂ ಅದರ ಎಲೆಯ ಒಂದೇ ಕೋಶಗಳಲ್ಲಿ ಕೂಡಿ ನಡೆಯುವುವಂತೆ. ಬಾಲ್ಯದಲ್ಲಿ ಅದರ ಪಲ್ಯವನ್ನು ಬೇಡವೆಂದು ಎಲೆಯ ಅಂಚಿಗೆ ಸರಿಸುತ್ತಿದ್ದವನು ನಾನು.

ನೆರೆಮನೆಯಿಂದ ಬೆರಳುದ್ದದ ತುಂಡುಗಳನ್ನು ಬೇಡಿ ತಂದೆನು. ಈ ಸಲ ಗೋಡು ಬೇಡವೆಂದೆನು. ಕೆಂಪು ಮಣ್ಣು, ಮರಳು, ತೆಂಗಿನ ನಾರಿನ ಪುಡಿ ಸಮಸಮ, ಮೇಲೆರಡು ಹಿಡಿ ಎರೆಗೊಬ್ಬರ. ಬುಟ್ಟಿಯ ಒಳಗೋಡೆಗೆ ನಾರಿನ ಹಾಸು. ಬುಟ್ಟಿಯೊಂದಕ್ಕೆ ಎಂಟು ತುಂಡು ಚುಚ್ಚಿ, ಒಂದು ವಾರ ನೆರಳಿನಲ್ಲಿಟ್ಟು, ಬಳಿಕ ಬಿಸಿಲಿಗೇರಿಸಿದೆನು. ಕುಡಿಗಳನ್ನು ಆಗಾಗ ಚಿವುಟಿದರೆ ಕವಲೊಡೆದು ಅಂಚಿನಿಂದಾಚೆಗೆ ಇಳಿಬೀಳುವುದು. ಬೆರಳಿಟ್ಟು ಮಣ್ಣು ಒಣಗಿದೆಯೆಂದು ತಿಳಿದ ಮೇಲೆಯೇ ನೀರು. ಅತಿಯಾದರೆ ಕಾಂಡ ಕೊಳೆಯುವುದು. ಹೀಗೆ ನನ್ನ ಸೋಮಾರಿತನಕ್ಕೆ ತಕ್ಕ ಗಿಡವೇ ದೊರೆಯಿತು! ಪ್ಲಾಸ್ಟಿಕ್ ಹಗ್ಗವೊಂದು ಬಿಸಿಲಿಗೆ ಪುಡಿಯಾಗಿ ಬುಟ್ಟಿಯೊಂದು ರಾತ್ರಿ ಕಳಚಿ ಬಿದ್ದುದರಿಂದ ಎಲ್ಲಕ್ಕೂ ಕಬ್ಬಿಣದ ಸರಪಳಿ ಹಾಕಿಸಿದೆನು. ಮಿಕ್ಕಂತೆ ಹೇಳುವಂಥ ಕಷ್ಟವಿಲ್ಲ.

ಮಳೆ ಕೈಕೊಟ್ಟ ಆ 2023ರಲ್ಲಿ ಮೂರು ಬುಟ್ಟಿಗಳೂ ತುಂಬಿ ಹೂಬಿಟ್ಟುವು. ಬಿಸಿಲೇರಿದರೆ ಅರಳುವುದು, ಮಧ್ಯಾಹ್ನ ಕಳೆದರೆ ಮುಚ್ಚುವುದು. ಮೋಡ ಕವಿದರೆ ಮುನಿಸು. ಆಕೆ ದಿನವೂ ಎಣಿಸಿ ಹಾಲಿನ ಲೆಕ್ಕದ ಪಂಚಾಂಗದಲ್ಲಿ ಗುರುತು ಹಾಕುವಳು. ಒಂದು ದಿನ ಎಣಿಕೆ ಮುಗಿದ ಮೇಲೆ, ಅಂಗಳದ ಗಿಡಗಳ ಸಂಗತಿಯನ್ನು ನಾನಾಗಿಯೇ ಹೇಳಿದೆನು. ಆಕೆ ಸ್ವಲ್ಪ ಹೊತ್ತು ಸುಮ್ಮನಿದ್ದು, “ಗೊತ್ತಿತ್ತು. ನೀರು ಹಾಕಿದ್ರೆ ಕೊಡದ ಸದ್ದು ಕೇಳ್ತಿತ್ತಲ್ಲ” ಎಂದಳು.

ಈಗ ಊರುಗೋಲಿನ ಸಹಾಯದಿಂದ ಅಂಗಳದವರೆಗೆ ಬರುವಳು. ಮೊನ್ನೆ ಬುಟ್ಟಿಯ ಕೆಳಗೆ ನಿಂತು, ಕೈಯೆತ್ತಿ ಮಣ್ಣಿನೊಳಗೆ ಬೆರಳಿಟ್ಟು ನೋಡಿ, ತಂಬಿಗೆ ಹಿಡಿದು ಬಂದ ನನಗೆ, “ಇವತ್ತು ಬೇಡ, ನಾಳೆ ಹಾಕಿ” ಎಂದು ಹೇಳಿ ಒಳಕ್ಕೆ ಹೋದಳು.