ಸೀರಂ ಆರಿಸೋಕಿಂತ ಮದಲ ಮುಖ ಓದ್ರಿ

"ಮುಖದ ಸಿಪ್ಪಿ ಸುಲಿಸ್ಕೊಳ್ಳಿಕ್ಕೆ ಯಾರರೆ ರೊಕ್ಕಾ ಕೊಡ್ತಾರೇನ?" ಅಂತ ನಮ್ಮವ್ವ ಇನ್ನೂ ಕೇಳ್ತಾಳ. ಕೊಡ್ತಾರ. ಅದೂ ಫೋನ್ ಮಾಡಿ, ಟೈಮ್ ತೊಗೊಂಡು, ಪಾಳಿ ಹಚ್ಚಿ ಕೂತು ಕೊಡ್ತಾರ.

ನನ್ನ ತಂಗಿ ಧಾರವಾಡದಾಗ ಮನಿ ಮುಂದಿನ ಖೋಲಿಯೊಳಗ ಬ್ಯೂಟಿ ಪಾರ್ಲರ್ ನಡಸ್ತಾಳ. ಎರಡು ಕುರ್ಚಿ, ಒಂದು ಮಲಗೋ ಬೆಡ್ಡು, ಒಂದು ಉಗಿ ಮಷೀನು. ಹುಬ್ಬು, ಕಟಿಂಗು, ಮೆಹಂದಿ ಮದಲಿಂದಾನೂ ಇದ್ದವು. ಇತ್ತಿತ್ಲಾಗ ಬರೋ ಹುಡುಗ್ಯಾರು ಮೊಬೈಲಿನಾಗ ಏನೇನೋ ನೋಡ್ಕೊಂಡು ಬಂದು, "ಆಂಟಿ, ನಿಮ್ಮಲ್ಲೆ ಪೀಲ್ ಮಾಡ್ತೀರೇನು? ಯಾವ ಆ್ಯಕ್ಟಿವ್ ಹಾಕ್ತೀರಿ? ಎಷ್ಟು ಪರ್ಸೆಂಟ್?" ಅಂತ ಕೇಳ್ಲಿಕ್ಕೆ ಶುರು ಮಾಡ್ಯಾರ. ತಂಗಿ ಅದರ ಕೋರ್ಸೂ ಮಾಡಿ ಬಂದ್ಲು. ಆದ್ರ ಸೀರಂ ಆರಿಸಿ ತರಿಸೋ ಕೆಲಸ ಮಾತ್ರ ನನ್ನ ಕೊರಳಿಗೆ ಬಿತ್ತು. ಕಾರಣ ಇಷ್ಟ, ನಾ ಬಿ.ಎಸ್‌ಸಿ.ಯೊಳಗ ಕೆಮಿಸ್ಟ್ರಿ ಓದಿದಾಕಿ.

ಹಂಗ ನೋಡಿದ್ರ ಸಿಪ್ಪಿ ತಗಿಯೋ ಕೆಲಸ ನಮ್ಮ ಮನಿಗೋಳಿಗೆ ಹೊಸಾದೇನಲ್ಲ. ದೀಪಾವಳಿ ಎಣ್ಣಿ ಸ್ನಾನಕ್ಕ ಕಡ್ಲಿಹಿಟ್ಟು ಹಚ್ಚಿ ತಿಕ್ಕೋದು, ಮುಖಕ್ಕ ಮಸರು ಹಚ್ಕೊಂಡು ಕೂಡೋದು, ಇವೆಲ್ಲಾ ಅದ ಜಾತಿ. ಕಡ್ಲಿಹಿಟ್ಟು ತಿಕ್ಕಿ ತಗೀತದ, ಮಸರು ಸಡಲ ಮಾಡಿ ತಗೀತದ. ಮ್ಯಾಲಿನ ಸತ್ತ ಚರ್ಮ ಅಂದ್ರ ಇಟ್ಟಂಗಿ ಗ್ವಾಡಿ ಇದ್ದಂಗ. ಇಟ್ಟಂಗಿ ನಡುವಿನ ಅಂಟನ್ನ ಆಸಿಡ್ ಸಡಲ ಮಾಡ್ತದ, ಹಳೇ ಇಟ್ಟಂಗಿ ತಾವ ಉದುರತಾವ. ನಾವೇನೂ ಮಾಡ್ಲಿಲ್ಲಂದ್ರೂ ಸುಮಾರು ಒಂದು ತಿಂಗಳಿಗೆ ಚರ್ಮ ತಾನ ಹೊಸಾದಾಗ್ತದ. ಪೀಲ್ ಅಂದ್ರ ಆ ಕೆಲಸಕ್ಕ ಒಂಚೂರು ಕೈ ಹಚ್ಚೋದು, ಅಷ್ಟ.

ಸಪ್ಲಾಯರ್ ಕಳಿಸಿದ ಪಟ್ಟಿ ಓದಿದಾಗ ನಂಗ ಅಡಗಿ ಮನಿ ಹೊಕ್ಕಂಗ ಆತು. ಲ್ಯಾಕ್ಟಿಕ್ ಆಸಿಡ್ ಅಂದ್ರ ಮಸರಿನ ಹುಳಿ. ಸ್ವೀಡನ್ನಿನ ಶೀಲೆ ಅನ್ನೋ ವಿಜ್ಞಾನಿ 1780ರಾಗ ಹುಳಿ ಹಾಲಿನಿಂದಾನ ಅದನ್ನ ಬ್ಯಾರೆ ಮಾಡಿ ತಗದ. ಗ್ಲೈಕಾಲಿಕ್ ಆಸಿಡ್ ಕಬ್ಬಿನ ರಸದಾಗ ಇರ್ತದ, ಆದ್ರ ಬಾಟಲ್ಯಾಗ ಬರೋದು ಹೆಚ್ಚಾಗಿ ಫ್ಯಾಕ್ಟರ್ಯಾಗ ತಯಾರಾಗಿದ್ದು. ಮ್ಯಾಂಡೆಲಿಕ್ ಅಂದ್ರ ಕಹಿ ಬದಾಮಿಯಿಂದ ಸಿಕ್ಕದ್ದು, ಜರ್ಮನ್ ಭಾಷಾದಾಗ ಮಾಂಡೆಲ್ ಅಂದ್ರ ಬದಾಮಿ. ಟಾರ್ಟಾರಿಕ್ ಅಂದ್ರ ನಮ್ಮ ಹುಣಶಿಹಣ್ಣಿನ ಹುಳಿ. ಸ್ಯಾಲಿಸಿಲಿಕ್ ವಿಲೋ ಗಿಡದ ತೊಗಟಿ ಕಡೆಯಿಂದ ಬಂದದ್ದು, ಆಸ್ಪಿರಿನ್ ಗುಳಿಗಿ ಬಳಗದ್ದು. ಈ ಹಣ್ಣು-ಹಾಲಿನ ಆಸಿಡ್‌ಗಳನ್ನ ಚರ್ಮದ ಔಷಧದೊಳಗ ತಂದೋರು ಅಮೆರಿಕಾದ ಚರ್ಮದ ಡಾಕ್ಟರ್ ವ್ಯಾನ್ ಸ್ಕಾಟ್ ಮತ್ತ ಅವರ ಜೋಡಿ ಕೆಲಸ ಮಾಡಿದ ರೂಯಿ ಯು. ಮೀನಿನ ಹುರುಪಿ ಹಂಗ ಚರ್ಮ ಏಳೋ ಜಡ್ಡಿಗೆ ಅವನ್ನ ಹಚ್ಚಿ ಗುಣ ಕಂಡದ್ದನ್ನ 1974ರಾಗ ಬರದ್ರು. ಅಂದ್ರ ಇದು ಜಡ್ಡಿನೋರಿಗೆ ಹುಟ್ಟಿದ ಔಷಧ, ಆಮ್ಯಾಲೆ ಪಾರ್ಲರಿಗೆ ಬಂದದ್ದು.

ನಮ್ಮವ್ವ ಇದನ್ನ ಕೇಳಿ, "ಹುಣಶಿಹಣ್ಣು ಹಚ್ಚಿ ತಂಬಿಗಿ ಬೆಳಗಿದಂಗ ಆತಲ್ಲ" ಅಂದ್ಲು. ಹೌದು, ಆದ್ರ ಒಂದ ಫರಕು. ಹಿತ್ತಾಳಿ ತಂಬಿಗಿಗೆ ಹೆಚ್ಚು ತಿಕ್ಕಿದ್ರ ಹೆಚ್ಚು ಥಳಥಳ. ಮುಖಕ್ಕ ಹೆಚ್ಚು ಮಾಡಿದ್ರ ಕರೀ ಕಲಿ.

ಹಂಗಾಗಿ ನಾ ಮದಲ ನೋಡಿದ್ದು ಯಾವ ಆಸಿಡ್ ಎಷ್ಟು ಅವಸರದಾಗ ಒಳಗ ಹೋಗ್ತದ ಅನ್ನೋದು. ಇವುಗಳೊಳಗ ಗ್ಲೈಕಾಲಿಕ್‌ದು ಎಲ್ಲಾಕ್ಕಿಂತ ಸಣ್ಣ ಕಣ, ತೂಕ 76. ಲ್ಯಾಕ್ಟಿಕ್ 90. ಮ್ಯಾಂಡೆಲಿಕ್ 152, ಅಂದ್ರ ಗ್ಲೈಕಾಲಿಕ್‌ನ ಎರಡರಷ್ಟು. ಸಣ್ಣದು ಸರ್ರನೆ ಒಳಗ ನುಗ್ತದ, ಉರಿನೂ ಹಂಗ. ದೊಡ್ಡದು ಸಾವಕಾಶ. ಸ್ಯಾಲಿಸಿಲಿಕ್‌ದು ಬ್ಯಾರೆ ಸ್ವಭಾವ, ಅದು ಎಣ್ಣಿಯೊಳಗ ಕರಗ್ತದ. ಅದಕ್ಕ ಎಣ್ಣಿ ತುಂಬಿದ ರಂಧ್ರದೊಳಗ ಇಳದು ಸ್ವಚ್ಛ ಮಾಡ್ತದ.

ಇನ್ನ ಎರಡನೇದು ಈ ಪರ್ಸೆಂಟಿನ ಹುಚ್ಚು. ಬಾಟ್ಲಿ ಮ್ಯಾಲೆ 30 ಅಂತ ಬರದಿದ್ರ 10ಕ್ಕಿಂತ ಮೂರು ಪಟ್ಟು ಛಲೋ ಅಂತ ಎಲ್ಲಾರೂ ತಿಳ್ಕೋತಾರ. ಅದು ಅರ್ಧಾ ಮಾತು, ಉಳಿದರ್ಧ ಪಿಎಚ್. ಆಸಿಡ್ ಬಿಡಿಯಾಗಿದ್ರ ಮಾತ್ರ ಛಲೋತ್ನಾಗಿ ಒಳಗ ಹೋಗ್ತದ. ಗ್ಲೈಕಾಲಿಕ್ ಬಾಟ್ಲಿ ಪಿಎಚ್ 3 ಇತ್ತಂದ್ರ ಅದರೊಳಗಿನ ಆಸಿಡ್ ನೂರಕ್ಕ ಸುಮಾರು 87 ಪಾಲು ಬಿಡಿ ಇರ್ತದ. ಅದ ಪಿಎಚ್ 4.5 ಇತ್ತಂದ್ರ ಸುಮಾರು 18 ಪಾಲು ಅಷ್ಟ. ಎರಡೂ ಬಾಟ್ಲಿ ಮ್ಯಾಲೆ ಪರ್ಸೆಂಟ್ ಒಂದ ಇರ್ತದ, ಆದ್ರ ಒಂದು ಹಚ್ಚಿದ್ರ ಚುರುಚುರು, ಇನ್ನೊಂದು ಹಚ್ಚಿದ್ರ ಗೊತ್ತೂ ಆಗೂದಿಲ್ಲ. ಅದಕ್ಕ ಪಿಎಚ್ ಬರೀಲಾರದ ಬಾಟ್ಲಿ ನಾ ತರಿಸೂದಿಲ್ಲ. ಸಪ್ಲಾಯರ್ ಹುಡುಗ "ಮೇಡಂ, ಅದನ್ನ ಯಾರೂ ಕೇಳೂದಿಲ್ರಿ" ಅಂದ. "ನಾ ಕೇಳ್ತೇನಪಾ" ಅಂದೆ.

ಅಮೆರಿಕಾದಾಗ ಕಾಸ್ಮೆಟಿಕ್ ಸಾಮಾನು ಪರಿಶೀಲಿಸೋ ತಜ್ಞರ ಸಮಿತಿ 1998ರಾಗ ಗ್ಲೈಕಾಲಿಕ್, ಲ್ಯಾಕ್ಟಿಕ್‌ಗಳಿಗೆ ಒಂದು ಗೆರಿ ಹಾಕೇದ. ಮನ್ಯಾಗ ಹಚ್ಕೊಳ್ಳೋದಕ್ಕ 10 ಪರ್ಸೆಂಟ್ ತನಕಾ, ಪಿಎಚ್ 3.5ಕ್ಕಿಂತ ಕಡಿಮಿ ಇರಬಾರದು. ಕಲ್ತವರು ಸಲೂನಿನಾಗ ಹಚ್ಚೋದಕ್ಕ 30 ಪರ್ಸೆಂಟ್ ತನಕಾ, ಪಿಎಚ್ 3ಕ್ಕಿಂತ ಕಡಿಮಿ ಬ್ಯಾಡ. ಸ್ವಲ್ಪ ಹೊತ್ತು ಇಟ್ಟು ಪೂರಾ ತೊಳೀಬೇಕು, ಆಮ್ಯಾಲೆ ದಿನಾ ಬಿಸಲಿಂದ ಕಾಪಾಡ್ಕೋಬೇಕು. ಇದನ್ನ ನಾವು ಪಾರ್ಲರಿನ ಗ್ವಾಡಿಗೆ ಬರದು ಹಚ್ಚೇವಿ. ಅದರ ಮ್ಯಾಲಿನದೆಲ್ಲಾ ಚರ್ಮದ ಡಾಕ್ಟರ್ ಕೆಲಸ, ನಮ್ಮದಲ್ಲ.

ಅದರಾಗೂ ನಮ್ಮ ಮಂದಿ ಚರ್ಮಕ್ಕ ಒಂದು ನೆನಪಿನ ಶಕ್ತಿ ಅದ. ಥಾಮಸ್ ಫಿಟ್ಜ್‌ಪ್ಯಾಟ್ರಿಕ್ ಅನ್ನೋ ಡಾಕ್ಟರ್ 1975ರಾಗ ಬಿಸಲಿಗೆ ಚರ್ಮ ಹೆಂಗ ಸುಡ್ತದ ಅನ್ನೋದರ ಮ್ಯಾಲೆ ಒಂದು ಮಾಪು ಮಾಡಿದ್ರು, ಮುಂದ ಅದು ಆರು ತರಗತಿ ಆತು. ನಾವು ಹೆಚ್ಚಿನ ಮಂದಿ ನಾಕನೇದು, ಐದನೇದು. ಬೆಳ್ಳಗಿದ್ದೋರಿಗೆ ಪೀಲ್ ಜೋರಾದ್ರ ಕೆಂಪಾಗಿ ಇಳೀತದ. ನಮಗ ಕೆಂಪು ಇಳದ ಮ್ಯಾಲೆ ಕರೀ ಕಲಿ ಉಳೀತದ, ತಿಂಗಳಾನುಗಟ್ಟಲೆ. ಬೆಳ್ಳಗಾಗಬೇಕಂತ ಬಂದಾಕಿ ಕಲಿ ಹೊತ್ಕೊಂಡು ಹೋಗ್ತಾಳ.

ಇಷ್ಟೆಲ್ಲಾ ನೋಡಿದ ಮ್ಯಾಲೆ ನಂಗ ಅನ್ನಿಸಿದ್ದು, ಸೀರಂ ಆರಿಸೋದು ಅಂಗಡ್ಯಾಗ ಅಲ್ಲ, ಕುರ್ಚಿ ಮುಂದ. ಮೊಡವಿ, ಎಣ್ಣಿ ಮುಖದ ಕಾಲೇಜು ಹುಡುಗಿ ಬಂದ್ಲಂದ್ರ ಸ್ಯಾಲಿಸಿಲಿಕ್. ಆದ್ರ ಮದಲ ಆಸ್ಪಿರಿನ್ ಆಗಿ ಬರ್ತದೋ ಇಲ್ಲೋ ಕೇಳಬೇಕು, ಮೊಡವಿಗೆ ಐಸೊಟ್ರೆಟಿನಾಯಿನ್ ಗುಳಿಗಿ ನಡದದೇನು ಕೇಳಬೇಕು. ಗುಳಿಗಿ ನಡದಿದ್ರ ಡಾಕ್ಟರ್ ಹೂಂ ಅನ್ನೋತನಕಾ ಪೀಲ್ ಇಲ್ಲ. ಒಣಾ ಒಣಾ ಮುಖದೋರಿಗೆ ಲ್ಯಾಕ್ಟಿಕ್, ಅದು ಸಿಪ್ಪಿನೂ ತಗೀತದ, ಪಸಿನೂ ಹಿಡದಿಡ್ತದ. ಉರಿ ತಾಳಲಾರದ ಮುಖಕ್ಕ ಮ್ಯಾಂಡೆಲಿಕ್. ಭಂಗು ಬಂದ ಬಾಯಾರಿಗೆ ಪೀಲ್ ಬರೇ ಜೋಡಿ ಮದ್ದು, ಅದರಿಂದ ಭಂಗು ಬೇರಸಹಿತ ಹೋಗ್ತದ ಅಂತ ನಾವು ಯಾರಿಗೂ ಹೇಳೂದಿಲ್ಲ. ಅವರಿಗೆ ಬಣ್ಣ ಇರೋ ಸನ್‌ಸ್ಕ್ರೀನ್ ಹೇಳ್ತೇವಿ, ಯಾಕಂದ್ರ ಅದರಾಗಿನ ಐರನ್ ಆಕ್ಸೈಡ್ ಕಣ್ಣಿಗೆ ಕಾಣೋ ಬೆಳಕನ್ನೂ ತಡೀತದ, ಭಂಗಿಗೆ ಆ ಬೆಳಕೂ ವೈರಿ. ಗ್ಲೈಕಾಲಿಕ್ ನಮ್ಮ ಕಪಾಟಿನಾಗ ಅದ, ಆದ್ರ ಎಲ್ಲಾಕ್ಕಿಂತ ಹಿಂದ.

ಆದ್ರ ಕಪಾಟಿನಾಗಿನ ಯಾವ ಬಾಟ್ಲಿನೂ ಮುಟ್ಟಬಾರದ ಮುಖಾನೂ ಇರ್ತಾವ. ಹೋದ ಲಗ್ನದ ಸೀಸನ್‌ದಾಗ ಒಬ್ಬ ತಾಯಿ ಮಗಳನ್ನ ಕರಕೊಂಡು ಬಂದ್ರು. ಮದುವಿ ಒಂಬತ್ತು ದಿವಸ ಇತ್ತು. ಪೀಲ್ ಸಹಿತ ಬ್ರೈಡಲ್ ಪ್ಯಾಕೇಜ್ ಬೇಕಂದ್ರು, ಮುಂಗಡನೂ ತಗದಿಟ್ರು. ಹುಡುಗಿ ಮುಖ ದೂರದಿಂದ ಬೆಳ್ಳಗ ಕಾಣ್ತಿತ್ತು. ಲೈಟಿನ ಕೆಳಗ ನೋಡಿದ್ರ ಗಲ್ಲದ ಮ್ಯಾಲೆ ಸಣ್ಣ ಸಣ್ಣ ಕೆಂಪು ನರ, ಕಿವಿ ಮುಂದ ದಟ್ಟ ಕೂದ್ಲು, ಬರೇ ನೀರು ಹಚ್ಚಿದ್ರೂ ಉರಿ. ತಂಗಿ ಕೈ ನಿಂದ್ರಿಸಿ, "ರಾತ್ರಿ ಏನ್ ಹಚ್ಕೋತಿ ನೀ?" ಅಂತ ಕೇಳಿದ್ಲು. ಹುಡುಗಿ ತಾಯಿ ಮುಖ ನೋಡಿ, ಪರ್ಸಿನಾಗಿಂದ ಒಂದು ಟ್ಯೂಬು ತಗದ್ಲು. ಎಂಟು ತಿಂಗಳಿಂದ ಹಚ್ಕೋತಿದ್ಲಂತ. ಗಂಡಿನೋರು ನೋಡ್ಲಿಕ್ಕೆ ಬಂದಾಗ "ಬಣ್ಣ ಒಂಚೂರು ಕಡಿಮಿ" ಅಂದಿದ್ರಂತ.

ಟ್ಯೂಬಿನ ಮ್ಯಾಲೆ ಹೈಡ್ರೋಕ್ವಿನೋನ್, ಟ್ರೆಟಿನಾಯಿನ್, ಮೊಮೆಟಾಸೋನ್ ಅಂತಿತ್ತು. ಮೊಮೆಟಾಸೋನ್ ಅಂದ್ರ ಸ್ಟೀರಾಯ್ಡು. ಈ ಕೂಟ ಭಂಗಿಗೆ ಡಾಕ್ಟರ್ ಕೆಲವ ವಾರಕ್ಕ ಅಂತ ಬರದು ಕೊಡೋ ಔಷಧ, ಪೌಡರ್ ಹಂಗ ದಿನಾ ಬಳಕೊಳ್ಳೋದಲ್ಲ. ಭಾಳ ದಿನ ಹಚ್ಚಿದ್ರ ಚರ್ಮ ತೆಳ್ಳಗಾಗ್ತದ, ನರ ಕಾಣ್ತಾವ, ಕೂದ್ಲು ಏಳ್ತಾವ, ಒಮ್ಮೆಲೆ ಬಿಟ್ರ ಮುಖ ಉರಿದು ಬಾಯ್ತಾವ. ಈ ಹಾವಳಿ ನೋಡೇ ಸರಕಾರ 2018ರಾಗ ಹಚ್ಚೋ ಸ್ಟೀರಾಯ್ಡು ಕ್ರೀಮುಗಳನ್ನ ಚೀಟಿ ಇಲ್ಲದ ಮಾರಬಾರದ ಔಷಧಗಳ ಪಟ್ಟಿಗೆ ಸೇರಿಸಿತು. ಆದ್ರೂ ನೆರಿಮನಿಯಿಂದ ನೆರಿಮನಿಗೆ ಸಕ್ಕರಿ ಕಡಾ ಕೊಟ್ಟಂಗ ಈ ಟ್ಯೂಬು ಹೋಗ್ಲಿಕತ್ತದ.

ಅಂಥಾ ಮುಖಕ್ಕ ಆಸಿಡ್ ಹಚ್ಚೋದಂದ್ರ ಹಸೀ ಗಾಯಕ್ಕ ಉಪ್ಪು ಸವರಿದಂಗ. ತಂಗಿ ಮುಂಗಡ ವಾಪಸ್ ಕೈಯಾಗಿಟ್ಲು. "ಪೀಲ್ ಬ್ಯಾಡ್ರಿ, ಮದಲ ಚರ್ಮದ ಡಾಕ್ಟರಿಗೆ ತೋರಸ್ರಿ, ಕ್ರೀಮನ್ನೂ ನೀವ ಬಿಡಿಸಬ್ಯಾಡ್ರಿ, ಅವರು ಹೇಳಿದಂಗ ಬಿಡ್ರಿ" ಅಂದ್ಲು. ತಾಯಿ ಸಿಟ್ಟಿಗೆದ್ರು. "ಊರಾಗ ಇದೊಂದ ಪಾರ್ಲರ್ ಅದ ಏನು?" ಅಂತ ಹುಡುಗಿ ಕೈ ಹಿಡದು ಎಬ್ಬಿಸ್ಕೊಂಡು ಹೋದ್ರು. ಸೀಸನ್‌ದಾಗಿನ ಗಿರಾಕಿ, ತಂಗಿಗೆ ಅದೇನ್ ಸಣ್ಣ ರೊಕ್ಕ ಅಲ್ಲ. ಆ ತಿಂಗಳ ಕರೆಂಟ್ ಬಿಲ್ಲು, ಹುಡುಗಿ ಪಗಾರ ಅದರಾಗ ಹೋಗಬೇಕಿತ್ತು. ಇಬ್ರೂ ಸುಮ್ನ ಕೂತ್ವಿ.

ಸಂಜಿಮುಂದ ಹುಡುಗಿ ತಾನ ಫೋನ್ ಮಾಡಿ, ಸಣ್ಣ ದನಿಯೊಳಗ ಡಾಕ್ಟರ್ ಹೆಸರು ಕೇಳಿದ್ಲು. ಡಾಕ್ಟರ್ ಕ್ರೀಮನ್ನ ಹಂತ ಹಂತವಾಗಿ ಇಳಿಸಿದ್ರು. ಮದುವಿ ದಿವಸ ತಂಗಿನ ಹೋಗಿ ಬರೇ ಮೇಕಪ್ ಮಾಡಿ ಬಂದ್ಲು. ತಾಯಿ ಹೆಚ್ಚಿಗೆ ಮಾತಾಡ್ಲಿಲ್ಲಂತ, ಆದ್ರ ಕುಂಕುಮ ಹಚ್ಚಿ ಉಡಿ ತುಂಬಿ ಕಳಿಸಿದ್ರಂತ.

ಸಿಪ್ಪಿ ತಗದ ಮ್ಯಾಲೆ ಹಚ್ಚೋ ಸೀರಂದೂ ಒಂದು ಲೆಕ್ಕ ಅದ. ಆಗ ಚರ್ಮದ ಬಾಗಲಾ ತಗದಿರ್ತದ, ಏನ್ ಹಚ್ಚಿದ್ರೂ ಒಳಗ ಹೋಗ್ತದ. ಮಂದಿ ತಿಳ್ಕೊಳ್ಳೋದು, ಇದ ಛಲೋ ಹೊತ್ತು, ಇದ್ದದ್ದೆಲ್ಲಾ ಹಾಕಿಬಿಡೋಣು ಅಂತ. ಹಂಗ ಮಾಡಬಾರದು. ರೆಟಿನಾಲ್ ಅವತ್ತು ಬ್ಯಾಡ. ವಿಟಮಿನ್ ಸಿ ಆಸ್ಕಾರ್ಬಿಕ್ ಆಸಿಡ್ ರೂಪದಾಗಿದ್ರ ಅದು ತಾನೂ ಹುಳಿನ, ಪಿಎಚ್ 3.5ರ ಕೆಳಗ ಇರ್ತದ, ಅದೂ ಬ್ಯಾಡ. ವಾಸನಿ ಎಣ್ಣಿ ಹಾಕಿದ್ದಂತೂ ಬ್ಯಾಡೇ ಬ್ಯಾಡ. ಹೈಯಲುರಾನಿಕ್, ಪ್ಯಾಂಥೆನಾಲ್, ಹಗೂರ ನಿಯಾಸಿನಮೈಡ್, ಇಷ್ಟ ಸಾಕು. ಊಟಾದ ಮ್ಯಾಲೆ ಮಜ್ಜಿಗಿ ಕುಡದಂಗ, ತಂಪು ಮಾಡೋದಷ್ಟ ಅದರ ಕೆಲಸ.

ತರಿಸೋವಾಗ ದೊಡ್ಡ ಬಾಟ್ಲಿ ಸೋವಿ ಅಂತ ಆಸಿ ಪಡಬಾರದು. ನಮ್ಮ ಏಪ್ರಿಲ್ ಬಿಸಲಿಗೆ ವಿಟಮಿನ್ ಸಿ ಸೀರಂ ಚಹಾದ ಬಣ್ಣಕ್ಕ ತಿರಗ್ತದ, ಆಮ್ಯಾಲೆ ಅದನ್ನ ಚೆಲ್ಲೋದ. ನಮ್ಮ ದೇಶದ 2020ರ ಕಾಸ್ಮೆಟಿಕ್ಸ್ ನಿಯಮದ ಪ್ರಕಾರ ತಯಾರಕರ ಹೆಸರು, ವಿಳಾಸ, ಬ್ಯಾಚ್ ನಂಬರು, ಯಾವಾಗಿನ ತನಕಾ ಬಳಸಬೇಕು, ಏನೇನು ಹಾಕ್ಯಾರ, ಇವೆಲ್ಲಾ ಲೇಬಲ್ಲಿನ ಮ್ಯಾಲೆ ಇರಬೇಕು. "ಪ್ರೊಫೆಷನಲ್ ಯೂಸ್" ಅಂತ ಒಂದ ಸಾಲು ಬರದು ಉಳದದ್ದೆಲ್ಲಾ ಖಾಲಿ ಬಿಟ್ಟ ಬಾಟ್ಲಿ ಎಷ್ಟ ಸೋವಿ ಇದ್ರೂ ನಮ್ಮ ಮನ್ಯಾಗ ಬರೂದಿಲ್ಲ.

ನೀವು ಹೊರಗ ಎಲ್ಲರೆ ಪೀಲ್ ಮಾಡಿಸ್ಕೊಳ್ಳೋರಿದ್ರ ಹೆಚ್ಚೇನ್ ಬ್ಯಾಡ, ಇಷ್ಟ ನೋಡ್ರಿ. ಎರಡು ದಿವಸ ಮದಲ ಕಿವಿ ಹಿಂದ ಹಚ್ಚಿ ಪರೀಕ್ಷಾ ಮಾಡ್ತಾರೇನು? ಗಡಿಯಾರ ಇಟ್ಕೊಂಡು ಹಚ್ಚತಾರೇನು? ಗ್ಲೈಕಾಲಿಕ್ ಇದ್ರ ಹೊತ್ತಾದ ಕೂಡಲೆ ನೀರಿನಿಂದರೆ, ಸೋಡಾದ ನೀರಿನಿಂದರೆ ಅದನ್ನ ನಿಂದ್ರಸ್ತಾರೇನು? ಮನಿಗೆ ಹೋಗೋವಾಗ ಸನ್‌ಸ್ಕ್ರೀನ್ ಹಚ್ಚಿ ಕಳಸ್ತಾರೇನು? ಮದುವಿ, ಮುಂಜಿವಿ ಎರಡು ವಾರದೊಳಗ ಇತ್ತಂದ್ರ ಮದಲನೇ ಸಲದ ಪೀಲ್ ಬ್ಯಾಡ. ಮತ್ತ ಎಲ್ಲಾಕ್ಕಿಂತ ಮದಲ, ನಿಮ್ಮನ್ನ ಏನರೆ ಕೇಳ್ತಾರೇನು? ಬಸುರಿ ಇದ್ದೀರೇನು, ಯಾವ ಗುಳಿಗಿ ನಡದದ, ರಾತ್ರಿ ಏನ್ ಹಚ್ಕೋತೀರಿ ಅಂತ? ಏನೂ ಕೇಳಲಾರದ ಬಾಟ್ಲಿ ಮುಚ್ಚಳಾ ತಗದ್ರಂದ್ರ, ನಿಮ್ಮ ಚಪ್ಪಲ್ ಎಲ್ಲೆ ಬಿಟ್ಟೀರಿ ನೆನಪು ಮಾಡ್ಕೊಂಡು ಎದ್ದು ಬರ್ರಿ.